ಆಕಾಶದ ಹಡಗೂ ನಮ್ಮ ಮಾವನವರೂ

‘ಗೊತ್ತಿಲ್ಲ’ ಎನ್ನುವುದು ಎಷ್ಟು ಸಣ್ಣ ಮಾತು! ಅದನ್ನು ಹೇಳಲು ಉಸಿರು ಬಿಗಿಹಿಡಿಯಬೇಕಾಗಿಲ್ಲ, ನಾಲಿಗೆ ಹೊರಳಿಸಬೇಕಾಗಿಲ್ಲ. ಮಕ್ಕಳು ದಿನಕ್ಕೆ ನೂರು ಸಲ ಹೇಳುತ್ತಾರೆ. ನಾನಿದ್ದ ಸರ್ಕಾರಿ ಕಚೇರಿಯಲ್ಲಂತೂ ಕಿಟಕಿಯ ಹತ್ತಿರ ಬಂದವರಿಗೆಲ್ಲ ನಾವು ಮೊದಲು ಹೇಳುತ್ತಿದ್ದದ್ದೇ ಅದು. ದಿನವಿಡೀ ಆ ಮಾತನ್ನು ಧಾರಾಳವಾಗಿ ಹಂಚುತ್ತಿದ್ದ ನಾನು, ಹೇಳಲೇಬೇಕಾಗಿದ್ದ ಒಂದು ಮಧ್ಯಾಹ್ನ ಮಾತ್ರ ಹೇಳದೆ ಬಿಟ್ಟೆ. ಚಿತ್ರಮಂದಿರದ ಬಾಲ್ಕನಿಯಲ್ಲಿ, ಮಾವನವರ ಪಕ್ಕದಲ್ಲಿ ಕೂತು, ಗೊತ್ತಿಲ್ಲದ್ದನ್ನು ಗೊತ್ತಿರುವವನಂತೆ ಹೇಳುತ್ತ ಹೋದೆ. ಅದರಿಂದ ಆದ ಅನ್ಯಾಯವನ್ನು ಬರೆದಾದರೂ ಇಳಿಸಿಕೊಳ್ಳೋಣವೆಂದು ಈಗ ಕೂತಿದ್ದೇನೆ. ಓದುವವರು ನಗಬಹುದು, ನನ್ನದೇನೂ ಅಡ್ಡಿಯಿಲ್ಲ. ಮೊದಮೊದಲು ನಾನೂ ನಕ್ಕವನೇ.

ಮೊದಲಿಗೆ ನನ್ನ ಇಂಗ್ಲಿಷಿನ ವಿಚಾರ ಹೇಳಿಬಿಡಬೇಕು. ಕಚೇರಿಯಲ್ಲಿ ನಾನು ಹೆಡ್ ಗುಮಾಸ್ತ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಸಲು ನಿರ್ದೇಶಿತನಾಗಿದ್ದೇನೆ’ ಎಂಬ ಧಾಟಿಯ ಇಂಗ್ಲಿಷಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಬೇರೆ ಶಾಖೆಯವರು ಕೂಡ ತಮ್ಮ ಕಾಗದಗಳನ್ನು ನನ್ನ ಹತ್ತಿರ ತಂದು, ‘ಸ್ವಲ್ಪ ಖಾರ ಹಾಕಿ ಸಾರ್’ ಎಂದು ಕೇಳುತ್ತಿದ್ದರು. ನನಗೆ ಹೆಣ್ಣು ಕೊಡುವ ಮೊದಲು ಮಾವನವರು ನಾನು ಬರೆದ ಒಂದು ಇಂಗ್ಲಿಷ್ ಪತ್ರವನ್ನು ತರಿಸಿಕೊಂಡು, ಪರಿಚಿತರೊಬ್ಬರಿಂದ ಓದಿಸಿ, ‘ವ್ಯಾಕರಣ ಶುದ್ಧವಾಗಿದೆಯಂತೆ, ಹುಡುಗ ಆಗಬಹುದು’ ಎಂದಿದ್ದರಂತೆ. ಹೀಗೆ ನನ್ನ ಸಂಸಾರವೇ ಇಂಗ್ಲಿಷಿನ ಮೇಲೆ ನಿಂತಿತ್ತು. ಆದರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ನನ್ನ ಇಂಗ್ಲಿಷೆಲ್ಲ ಕಣ್ಣಿನಲ್ಲಿತ್ತು, ಕಿವಿಯಲ್ಲಿರಲಿಲ್ಲ. ಕಾಗದದ ಮೇಲಿದ್ದರೆ ಎಂಥ ಆದೇಶವನ್ನಾದರೂ ಬಿಡಿಸುತ್ತಿದ್ದೆ. ಯಾರಾದರೂ ಅಮೆರಿಕದವರು ಬಾಯಿ ತೆರೆದರೆ ಮಾತ್ರ ಮುಗಿಯಿತು. ಅವರು ಮಾತಿಗೆ ಮೊದಲು ‘ಉಲ್ಲೇಖ’ ಹೇಳುವುದಿಲ್ಲ, ಕೊನೆಗೆ ‘ತಮ್ಮ ವಿಶ್ವಾಸಿ’ ಎನ್ನುವುದಿಲ್ಲ. ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ತಿಳಿಯುವುದಾದರೂ ಹೇಗೆ?

ಇನ್ನು ಮಾವನವರು. ಅವರ ಹಿರಿಯರು ಅರಮನೆಯಲ್ಲಿ ಪುರಾಣ ಓದುತ್ತಿದ್ದವರು. ಇವರು ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದು ನಿವೃತ್ತರಾಗಿ ವಿದ್ಯಾರಣ್ಯಪುರದಲ್ಲಿದ್ದರು. ಮನೆಯ ಹತ್ತಿರದ ಭಜನಾ ಮಂದಿರದಲ್ಲಿ ನಲವತ್ತು ವರ್ಷಗಳಿಂದ, ಪ್ರತಿ ಶ್ರಾವಣದಲ್ಲೂ ಸಂಜೆ ಹೊತ್ತು ಪುರಾಣ ಹೇಳುತ್ತಿದ್ದರು. ಎದುರಿಗೆ ಪೀಠದ ಮೇಲೆ ಪುಸ್ತಕವಿರುತ್ತಿತ್ತು, ಆದರೆ ಅದಕ್ಕೆ ಹೂವು ಏರಿಸುತ್ತಿದ್ದರೇ ಹೊರತು ತೆರೆಯುತ್ತಿರಲಿಲ್ಲ. ‘ಕಥೆ ಹೇಳುವವನು ಪುಸ್ತಕ ನೋಡಿದರೆ ಕೇಳುವವರ ಮುಖ ಯಾರು ನೋಡಬೇಕು?’ ಎನ್ನುತ್ತಿದ್ದರು. ಸಾವಿರಾರು ಹೆಸರುಗಳು, ಅವರ ತಂದೆ, ಅಜ್ಜ, ಯಾರು ಯಾರಿಗೆ ಯಾವಾಗ ಏನೆಂದು ಶಾಪ ಕೊಟ್ಟರು, ಎಲ್ಲವೂ ನೆನಪಿನಲ್ಲಿ ಸಾಲಾಗಿ ನಿಂತಿರುತ್ತಿತ್ತು. ಅವರಿಗಿದ್ದ ಹೆಮ್ಮೆ ಅದೊಂದೇ. ಮನೆ ಚಿಕ್ಕದು, ಪಿಂಚಣಿ ಚಿಕ್ಕದು, ಅಳಿಯನಂತೂ ನಾನು. ನೆನಪು ಮಾತ್ರ ದೊಡ್ಡದಿತ್ತು.

ತೊಂಬತ್ತರ ದಶಕದ ನಡುವೆ ಒಂದು ಇಂಗ್ಲಿಷ್ ಚಿತ್ರ ಮೈಸೂರಿಗೆ ಬಂತು. ಲೋಕವೆಲ್ಲ ಅದನ್ನು ನೋಡಿ ಮರುಳಾಗಿದೆಯೆಂದೂ, ನಿರ್ದೇಶಕ ಅದನ್ನು ಐದು ಭಾಗಗಳಲ್ಲಿ ತೆಗೆಯುತ್ತಾನೆಂದೂ ಪತ್ರಿಕೆಯಲ್ಲಿ ಬಂದಿತ್ತು. ಭೂಮಿ ಬಾಳಲಾಗದಷ್ಟು ಹಾಳಾದ ಮೇಲೆ ಒಂದಷ್ಟು ಜನ ದೊಡ್ಡ ನೌಕೆಯೊಂದರಲ್ಲಿ ಕೂತು ಇನ್ನೊಂದು ನಕ್ಷತ್ರದ ಕಡೆ ಹೊರಡುವ ಕಥೆ. ಅದರ ಇಂಗ್ಲಿಷ್ ಹೆಸರನ್ನು ಮಾವನವರು ಒಂದು ದಿನವೂ ಹೇಳಲಿಲ್ಲ. ‘ಆಕಾಶದ ಹಡಗು’ ಎಂದು ತಾವೇ ನಾಮಕರಣ ಮಾಡಿದರು. ನಾನೂ ಹಾಗೆಯೇ ಕರೆಯುತ್ತೇನೆ. ‘ಐದು ಭಾಗ ಅಂದರೆ ಸಾಮಾನ್ಯವಲ್ಲ ಕಣ್ರೀ. ಅದರಲ್ಲಿ ಏನೋ ವಿಷಯವಿರಬೇಕು. ನಾವೂ ನೋಡೋಣ. ನೀವಿದ್ದೀರಲ್ಲ, ಅರ್ಥ ಹೇಳುತ್ತೀರಿ’ ಎಂದರು. ನಾನು ಆಗಲೇ ಹೊಟ್ಟೆನೋವು ಎನ್ನಬಹುದಿತ್ತು. ‘ಅದಕ್ಕೇನಂತೆ ಮಾವ, ಧಾರಾಳವಾಗಿ’ ಎಂದೆ.

ಭಾನುವಾರದ ಮ್ಯಾಟಿನಿ. ನಡುವೆ ಮಾವನವರು, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ನನ್ನ ಹೆಂಡತಿ ವಿಮಲ. ದೀಪ ಆರಿತು, ನೌಕೆ ಗುಡುಗುಟ್ಟುತ್ತ ಹೊರಟಿತು, ಒಬ್ಬ ಗಡ್ಡದ ಕ್ಯಾಪ್ಟನ್ ಬಂದು ಬಾಯೊಳಗೇ ಏನೋ ಅಂದ. ಮಾವನವರು ನನ್ನ ಕಡೆ ಬಾಗಿ, ‘ಯಾರಿವನು? ಯಾರ ಮಗ?’ ಎಂದರು. ಇದು ಅವರ ಪದ್ಧತಿ. ಬಂದ ಮನುಷ್ಯ ಯಾರ ಮಗನೆಂದು ತಿಳಿಯದೆ ಅವರಿಗೆ ಕಥೆ ಮುಂದೆ ಸಾಗುತ್ತಿರಲಿಲ್ಲ. ಈ ಅಮೆರಿಕದವರೋ, ಎರಡೂವರೆ ಗಂಟೆಯ ಚಿತ್ರದಲ್ಲಿ ಯಾರ ಅಪ್ಪನ ಹೆಸರನ್ನೂ ಹೇಳುವುದಿಲ್ಲ. ‘ಹಳೆಯ ಕ್ಯಾಪ್ಟನ್ನನ ಮಗ’ ಎಂದೆ. ಮಾವನವರು ತಲೆದೂಗಿದರು. ಆ ತಲೆದೂಗು ನನ್ನನ್ನು ಕೆಡಿಸಿತು. ಬಿಳಿ ಕೋಟಿನ ಹೆಂಗಸು ಬಂದಳು. ಕ್ಯಾಪ್ಟನ್ನನಿಗಿಂತ ಚಿಕ್ಕವಳಂತೆ ಕಂಡಳು. ‘ಅವನ ಮಗಳು. ಚಿಕ್ಕಂದಿನಲ್ಲೇ ತಪ್ಪಿಸಿಕೊಂಡಿದ್ದಳು, ಈಗ ಸಿಕ್ಕಿದ್ದಾಳೆ’ ಎಂದೆ. ಒಂಟಿಕಣ್ಣಿನವನೊಬ್ಬ ಬಂದು ಎಲ್ಲರ ಮೇಲೂ ಕೂಗಾಡಿದ. ‘ದಾಯಾದಿ’ ಎಂದೆ. ‘ಅದೇ ಅಂದುಕೊಂಡೆ’ ಎಂದರು ಮಾವನವರು. ಕೊನೆಯಲ್ಲಿ ಕ್ಯಾಪ್ಟನ್ ಆ ಹೆಂಗಸನ್ನು ಒಂದು ಸಣ್ಣ ದೋಣಿಯಂಥದ್ದರಲ್ಲಿ ಕೂರಿಸಿ ದೂಡಿ, ತಾನು ಮಾತ್ರ ಉರಿಯುವ ನೌಕೆಯಲ್ಲಿ ಉಳಿದ. ಮಾವನವರು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಅಷ್ಟು ಹೊತ್ತಿಗೆ ಮುಂದಿನ ಸಾಲಿನ ಇಬ್ಬರು ಕೂಡ ಪರದೆಗೆ ಕಿವಿ ಕೊಡುವುದನ್ನು ಬಿಟ್ಟು ನನ್ನ ಕಡೆ ವಾಲಿದ್ದರು. ಹಿಂದಿನಿಂದ ಒಬ್ಬರು ಭುಜ ತಟ್ಟಿ, ‘ಸಾರ್, ಸತ್ತೋದ್ನಾ?’ ಎಂದು ಕೇಳಿದರು. ‘ಹೂಂ, ಸತ್ತ’ ಎಂದು ನಾನು ತೀರ್ಪು ಕೊಟ್ಟೆ.

ಮೂರು ವರ್ಷದ ಮೇಲೆ ಎರಡನೆಯ ಭಾಗ ಬಂತು. ಅದರಲ್ಲಿ ಮೊದಲ ಹತ್ತು ನಿಮಿಷದಲ್ಲೇ ಸತ್ತ ಕ್ಯಾಪ್ಟನ್ ಬಾಗಿಲು ತಳ್ಳಿಕೊಂಡು ಬಂದ. ‘ಇವನು ಸತ್ತಿರಲಿಲ್ಲವೇ?’ ಎಂದರು ಮಾವನವರು. ‘ಇವನು ಅವನ ಅವಳಿ ತಮ್ಮ, ಮಾವ’ ಎಂದೆ. ಅಲ್ಲಿಗೆ ಮುಗಿಯಿತೆಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವನು ಬಿಳಿ ಕೋಟಿನ ಹೆಂಗಸಿನ ಹತ್ತಿರ ಹೋಗಿ ಅವಳನ್ನು ತಬ್ಬಿಕೊಂಡು ಮುತ್ತಿಡಲು ಶುರುಮಾಡಿದ. ಅದು ಚಿಕ್ಕಪ್ಪ ಅಣ್ಣನ ಮಗಳಿಗೆ ಇಡುವ ಮುತ್ತಾಗಿರಲಿಲ್ಲ. ಮಾವನವರು ಪರದೆಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದರು. ಆಚೆ ಪಕ್ಕದಿಂದ ವಿಮಲ ಕೂಡ ನೋಡಿದಳು. ಇಂಥ ಹೊತ್ತಿನಲ್ಲಿ ನನಗೆ ಕಚೇರಿಯ ಅನುಭವ ಒದಗಿ ಬರುತ್ತದೆ. ‘ಅದು ಅವಳಲ್ಲ ಮಾವ! ಅವಳ ಹಾಗೆಯೇ ಮಾಡಿಟ್ಟಿರುವ ಯಂತ್ರ. ಅವನಿಗೂ ಅದು ಗೊತ್ತಿದೆ. ದಾಯಾದಿಯ ಕಣ್ಣಿಗೆ ಮಣ್ಣೆರಚುವುದಕ್ಕೆ ಹೀಗೆ ಮಾಡುತ್ತಿದ್ದಾನೆ’ ಎಂದೆ. ಮಾವನವರ ಮುಖ ಅರಳಿತು. ‘ಓಹೋ, ಛಾಯಾರೂಪ! ನಮ್ಮಲ್ಲೂ ಇದೆಯಲ್ಲ. ಭಲೆ’ ಎಂದು ತೊಡೆ ತಟ್ಟಿದರು. ವಿಮಲ ಮಾತ್ರ ಮನೆಗೆ ಬಂದ ಮೇಲೆ ‘ಅವಳು ಯಂತ್ರಾನಾ? ಹಂಗಾದ್ರೆ ಆಮೇಲೆ ಯಾಕ್ರೀ ಅತ್ಲು?’ ಎಂದಳು. ‘ಈಗಿನ ಯಂತ್ರಗಳು ಹಾಗೆಯೇ’ ಎಂದು ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ.

ಇಷ್ಟಕ್ಕೇ ನಿಂತಿದ್ದರೆ ಇದು ಬರಿಯ ತಮಾಷೆಯಾಗಿ ಉಳಿಯುತ್ತಿತ್ತು. ಆದರೆ ಮಾವನವರು ಒಂದು ಕಥೆ ಕೇಳಿ ಸುಮ್ಮನೆ ಇಟ್ಟುಕೊಳ್ಳುವವರಲ್ಲ. ಮನೆಯ ಹತ್ತಿರದ ಪಾರ್ಕಿನಲ್ಲಿ ಸಂಜೆ ಆರೇಳು ಜನ ಹಿರಿಯರು ಸೇರುತ್ತಿದ್ದರು. ಅವರೆದುರು ಮಾವನವರು ‘ಆಕಾಶದ ಹಡಗು’ ಹೇಳಲು ಶುರುಮಾಡಿದರು. ದಿನಕ್ಕೆ ಅರ್ಧ ಗಂಟೆಯಂತೆ ಎಂಟು ದಿನ ಹೇಳಿದರಂತೆ. ಒಂದು ಸಂಜೆ ನಾನೂ ಹೋಗಿ ಹಿಂದೆ ನಿಂತು ಕೇಳಿದೆ. ಕೇಳಿ ಬೆರಗಾದೆ. ನಾನು ಗಾಬರಿಯಲ್ಲಿ ಒಗೆದಿದ್ದ ಒಂದೊಂದು ಸುಳ್ಳನ್ನೂ ಅವರು ಎತ್ತಿಕೊಂಡು, ಮೈ ತಿಕ್ಕಿ ತೊಳೆದು, ಬಟ್ಟೆ ತೊಡಿಸಿ ಕೂರಿಸಿದ್ದರು. ಮಗಳನ್ನು ದೋಣಿಗೆ ಹತ್ತಿಸುವಾಗ ಕ್ಯಾಪ್ಟನ್ ಒಂದು ಮಾತೂ ಆಡುವುದಿಲ್ಲ, ಅವಳ ಕೋಟಿನ ಗುಂಡಿಯೊಂದನ್ನು ಮಾತ್ರ ಹಾಕಿ ಹಿಂದೆ ಸರಿಯುತ್ತಾನೆ ಎಂದರು. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡಾಗ ಅವಳಿಗೆ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲವಂತೆ. ಚಿತ್ರದಲ್ಲಿ ಅವನು ಗುಂಡಿ ಹಾಕಿದ್ದು ನಿಜ; ನನಗೆ ಅದು ಕಂಡೂ ಕಂಡಿರಲಿಲ್ಲ. ಕಲ್ಲುಬೆಂಚಿನ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದ್ದರು. ಕಡಲೆಕಾಯಿ ತಿನ್ನುತ್ತಿದ್ದ ಗುರುಮಲ್ಲಪ್ಪನವರ ಕೈ ಕೂಡ ನಿಂತಿತ್ತು. ನನಗೆ ಆಗ ನನ್ನ ಬಗ್ಗೆಯೇ ಬಹಳ ಅಭಿಮಾನವಾಯಿತು.

ಈ ಗುರುಮಲ್ಲಪ್ಪನವರು ಸಂತೇಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟಿದ್ದವರು. ವಿಭೂತಿ ಹಚ್ಚಿಕೊಂಡು, ಮಠದ ಸ್ವಾಮಿಗಳ ಹತ್ತಿರ ಮಾತಾಡಿದಷ್ಟೇ ಸಲೀಸಾಗಿ ಲಾರಿಯವರ ಹತ್ತಿರವೂ ಮಾತಾಡುತ್ತಿದ್ದ ಸರಳ ಮನುಷ್ಯ. ವ್ಯಾಪಾರಕ್ಕಾಗಿ ಮೂವತ್ತು ವರ್ಷ ಸತ್ಯಮಂಗಲ, ಕೊಯಮತ್ತೂರು ಸುತ್ತಿದ್ದರಿಂದ ತಮಿಳು ಅವರಿಗೆ ನೀರು ಕುಡಿದಷ್ಟು ಸುಲಭ. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಂಗ್ಲಿಷ್ ಚಿತ್ರದ ಅರ್ಥ ಇಂಗ್ಲಿಷ್ ಬಲ್ಲವರಿಂದಲೇ ಹೊರಬೀಳುತ್ತದೆಂದು ನಾನು ನಂಬಿದ್ದೆ. ಹೊಸ ಶತಮಾನ ಹುಟ್ಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಒಂದು ಮಧ್ಯಾಹ್ನ ಕೇಬಲ್ ಟೀವಿಯ ತಮಿಳು ಚಾನೆಲ್ಲಿನಲ್ಲಿ ಆಕಾಶದ ಹಡಗಿನ ಎರಡು ಭಾಗಗಳೂ ತಮಿಳು ಮಾತಿನೊಂದಿಗೆ ಬೆನ್ನುಬೆನ್ನಿಗೆ ಬಂದುಬಿಟ್ಟವು. ಗುರುಮಲ್ಲಪ್ಪನವರು ಊಟದ ತಟ್ಟೆ ಮುಂದಿಟ್ಟುಕೊಂಡು ಎರಡನ್ನೂ ಪೂರ್ತಿ ನೋಡಿದರು.

ಆ ಸಂಜೆ ಅವರು ಪಾರ್ಕಿಗೆ ಬಂದು, ‘ಅದೆಂಗೆ ಮೇಷ್ಟ್ರೇ? ಅವ್ಳು ಅವ್ನ ಮಗಳಲ್ಲ ಕಣ್ರೀ, ಎಂಡ್ರು! ತಾಳಿಯೊಂದು ಇಲ್ಲ, ಮಿಕ್ಕಿದ್ದೆಲ್ಲ ಗಂಡ ಎಂಡ್ರಂಗೇ ಮಾತಾಡ್ತಾರೆ. ಅವಳಿ ತಮ್ಮನೂ ಇಲ್ಲ, ಯಂತ್ರನೂ ಇಲ್ಲ. ಅದೆಲ್ಲಿಂದ ತಂದ್ರಿ ನೀವು?’ ಎಂದು ಕೇಳಿದರಂತೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನಿರಲಿಲ್ಲ, ಅಕ್ಕಿಯಲ್ಲಿ ಕಲ್ಲು ಕಂಡರೆ ಹೇಳುವ ಅಭ್ಯಾಸ ಅಷ್ಟೇ. ಮಾವನವರು ಒಪ್ಪಲಿಲ್ಲ. ‘ತಮಿಳಿನವರು ಬದಲಾಯಿಸಿರಬೇಕು. ನಮ್ಮ ಅಳಿಯಂದಿರು ಮೂಲದಲ್ಲೇ ಕೇಳಿ ಹೇಳಿದ್ದಾರೆ’ ಎಂದರಂತೆ. ಮಾತು ಬೆಳೆದು, ಭಾನುವಾರ ಅಳಿಯಂದಿರೇ ಬಂದು ತೀರ್ಮಾನ ಹೇಳಲಿ ಎಂದಾಯಿತು. ಮಾವನವರು ಶ್ರೀರಾಂಪುರದ ನಮ್ಮ ಮನೆಗೆ ಫೋನ್ ಮಾಡಿ, ‘ನೀವು ಬಂದು ಒಂದು ಮಾತು ಹೇಳಿಬಿಡಿ, ಸಾಕು’ ಎಂದರು. ಅವರ ದನಿಯಲ್ಲಿ ಗೆದ್ದಾಗಿದೆ ಎಂಬ ಖುಷಿಯಿತ್ತು.

ಭಾನುವಾರ ನಾನು ಸ್ಕೂಟರಿನಲ್ಲಿ ಹೋದೆ. ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಇದ್ದೆ, ಇದನ್ನು ನಂಬಿ. ‘ನನಗೆ ಆ ಮಾತು ಅರ್ಥವಾಗಿರಲಿಲ್ಲ, ಕಟ್ಟಿ ಹೇಳಿದೆ’ ಎಂದರೆ ಎಲ್ಲರೂ ನಗುತ್ತಾರೆ, ಮಾವನವರೂ ನಗುತ್ತಾರೆ, ಕಡಲೆಕಾಯಿ ಹಂಚಿಕೊಳ್ಳುತ್ತೇವೆ, ಮುಗಿಯುತ್ತದೆ. ಆದರೆ ಅಲ್ಲಿ ಹೋಗಿ ನೋಡಿದರೆ ಕಲ್ಲುಬೆಂಚಿನಲ್ಲಿ ನನಗೆಂದು ನಡುವೆ ಜಾಗ ಬಿಟ್ಟಿದ್ದರು. ಮಾವನವರು ಎದ್ದು ನಿಂತು, ‘ಇವರೇ. ಇವರ ಇಂಗ್ಲಿಷ್ ನೋಡಿಯೇ ನಾನು ಮಗಳನ್ನು ಕೊಟ್ಟದ್ದು’ ಎಂದರು. ಏಳು ಮುಖಗಳು ನನ್ನನ್ನು ಗೌರವದಿಂದ ನೋಡಿದವು. ಆ ಗೌರವ ನನ್ನ ತಲೆ ತಿರುಗಿಸಿತು. ‘ಅವಳು ಅವನ ಹೆಂಡತಿಯೇ’ ಎಂದೆ. ‘ನಾನೂ ಹಾಗೆಯೇ ಹೇಳಿದ್ದೆ. ಮಾವನವರಿಗೆ ಮರೆತಿರಬೇಕು. ಪಾಪ, ವಯಸ್ಸಾಯಿತಲ್ಲ.’

ಹೇಳಿ ಮುಗಿಸುವ ಹೊತ್ತಿಗೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಮಾವನವರು ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ. ಮನೆಯೊಳಗೆ ಬಂದು, ಏನು ತೆಗೆದುಕೊಳ್ಳಲು ಬಂದೆನೆಂದು ಯೋಚಿಸುವವರ ಹಾಗೆ ನೋಡಿದರು. ಆಮೇಲೆ ನಿಧಾನವಾಗಿ, ‘ಹೌದೇ? ಹೆಂಡತಿ ಅಂದಿರಾ? ನನಗೆ ಮಗಳು ಅಂತಲೇ... ಇರಲಿ, ಇರಲಿ. ಮರೆತಿರಬೇಕು’ ಎಂದು ಕೂತರು. ಗುರುಮಲ್ಲಪ್ಪನವರಿಗೆ ಗೆದ್ದದ್ದು ಹಿತವಾಗಲಿಲ್ಲ. ‘ಬುಡಿ ಮೇಷ್ಟ್ರೇ, ಸಿನ್ಮಾ ತಾನೇ. ನೀವ್ ಏಳಿದ್ದೇ ಚೆಂದಾಗಿತ್ತು’ ಎಂದರು. ಯಾರೋ ಬೇರೆ ಮಾತು ತೆಗೆದರು. ನಾನು ಸ್ವಲ್ಪ ಹೊತ್ತು ಕೂತಿದ್ದು, ಗ್ಯಾಸ್ ಸಿಲಿಂಡರಿನ ನೆಪ ಹೇಳಿ ಎದ್ದು ಬಂದೆ.

ಅವರು ನನ್ನನ್ನು ಸುಳ್ಳುಗಾರನೆಂದು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ನನ್ನನ್ನು ನಂಬಿಬಿಟ್ಟರು. ಅಳಿಯ ಸುಳ್ಳು ಹೇಳಿರಬಹುದೆಂದು ಯೋಚಿಸುವುದಕ್ಕಿಂತ ತಮ್ಮ ನೆನಪೇ ಕೈಕೊಟ್ಟಿತೆಂದು ತಿಳಿಯುವುದು ಅವರಿಗೆ ಸುಲಭವಾಯಿತು. ಪಾರ್ಕಿನಲ್ಲಿ ಕಥೆ ಹೇಳುವುದು ಮೊದಲು ನಿಂತಿತು. ಆ ಶ್ರಾವಣದಲ್ಲಿ ಭಜನಾ ಮಂದಿರಕ್ಕೆ ಹೋದಾಗ ಪೀಠದ ಮೇಲಿನ ಪುಸ್ತಕ ತೆರೆದಿತ್ತು. ಮಾವನವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಸಾಲು ಸಾಲಾಗಿ ಓದುತ್ತಿದ್ದರು. ನಡುನಡುವೆ ತಲೆಯೆತ್ತಿ ಎದುರಿಗಿದ್ದವರನ್ನು ನೋಡಿ, ಮತ್ತೆ ಸಾಲು ಹುಡುಕುತ್ತಿದ್ದರು. ಕೇಳುವವರು ಆಕಳಿಸುತ್ತಿದ್ದರು. ಮರುವರ್ಷ, ‘ಯಾರಾದರೂ ಚಿಕ್ಕವರು ನೋಡಿಕೊಳ್ಳಲಿ. ನನಗೆ ಈಗ ಮಗಳು ಯಾರು, ಹೆಂಡತಿ ಯಾರು ಎಂದು ನೆನಪು ನಿಲ್ಲುವುದಿಲ್ಲ. ದೇವರ ಕಥೆಯಲ್ಲಿ ಹಾಗೆ ಆಗಬಾರದಲ್ಲ’ ಎಂದು ಬಿಟ್ಟುಬಿಟ್ಟರು. ನಗುತ್ತಲೇ ಹೇಳಿದರು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಪಾರ್ಕಿನಲ್ಲಿ ನಾನು ಆಡಿದ ಮಾತು ವಿಮಲಳ ಕಿವಿಗೆ ಬಿದ್ದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ‘ಮಗಳು ಅಂತ ನೀವು ಹೇಳಿದ್ದನ್ನ ನಾನೂ ಕಿವಿಯಾರೆ ಕೇಳಿದ್ದೀನಿ ಕಣ್ರೀ. ಅಪ್ಪನ ಪಕ್ಕದಲ್ಲೇ ಕೂತು ಹೇಳ್ಬುಟ್ಟು, ಈಗ ಅಪ್ಪನ ತಲೆ ಸರಿಯಿಲ್ಲ ಅಂತೀರಾ? ಅಪ್ಪನ ತಲೆ ಸರಿಯಾಗೇ ಇದೆ. ನಾಳೆನೇ ಹೋಗಿ ಹೇಳಿ, ಇಲ್ದಿದ್ರೆ ನಾನು ಹೇಳ್ತೀನಿ’ ಎಂದಳು. ‘ನೀನು ಹೇಳಿದರೆ ಅವರು ನಂಬುವುದಿಲ್ಲ, ನನ್ನ ಮೇಲಿನ ಸಿಟ್ಟಿಗೆ ಅಂದೆ ಎಂದುಕೊಳ್ಳುತ್ತಾರೆ. ನಾನೇ ಹೇಳಬೇಕು’ ಎಂದೆ. ಅದು ನಿಜವೂ ಆಗಿತ್ತು. ಆದ್ದರಿಂದ ಅವಳು ಸುಮ್ಮನಾದಳು. ಮರುದಿನ ನಾನು ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ಇಂಥ ಮಾತು ಹೇಗೆ ಹೇಳುವುದು? ಮೂರನೆಯ ಭಾಗ ಬರಲಿ, ಕರೆದುಕೊಂಡು ಹೋಗಿ ತೋರಿಸಿ, ಖುಷಿಯಾಗಿರುವಾಗ ಇಂಟರ್ವಲ್ಲಿನಲ್ಲಿ ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಮೂರನೆಯದು ಮುಂದಿನ ಬೇಸಿಗೆಗೆ ಎಂದು ಪತ್ರಿಕೆಯಲ್ಲಿ ಬಂದಿತ್ತು.

ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡೆ. ಬೇಸಿಗೆ ಬಂತು, ಹಡಗು ಬರಲಿಲ್ಲ. ನಿರ್ದೇಶಕನಿಗೂ ಹಣ ಹಾಕುವವರಿಗೂ ಜಗಳವಂತೆ, ಅದನ್ನೂ ಕತ್ತರಿಸಿದೆ. ಕ್ಯಾಪ್ಟನ್ ಪಾತ್ರದವನು ದಪ್ಪಗಾಗಿದ್ದಾನಂತೆ, ತೂಕ ಇಳಿದ ಮೇಲೆ ಶುರುವಂತೆ. ಐದು ಭಾಗವಲ್ಲ, ಏಳಂತೆ. ಇಲ್ಲ, ಮೂರಕ್ಕೇ ನಿಲ್ಲಿಸುತ್ತಾರಂತೆ. ಮೂರು ಮತ್ತು ನಾಲ್ಕನ್ನು ಒಟ್ಟಿಗೆ ತೆಗೆಯುತ್ತಾರಂತೆ. ನಿಜ ಹೇಳುತ್ತೇನೆ, ಪ್ರತಿ ಸಲ ಮುಂದಕ್ಕೆ ಹೋಯಿತೆಂದು ಓದಿದಾಗಲೂ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ರಜೆ ಮಂಜೂರಾದಷ್ಟು ಸಂತೋಷ. ಲೋಕದಲ್ಲಿ ಆ ಚಿತ್ರಕ್ಕೆ ಕಾಯುತ್ತಿದ್ದ ಕೋಟ್ಯಂತರ ಜನರ ನಡುವೆ, ಅದು ಬರದಿರಲೆಂದು ಚಾಮುಂಡಿಗೆ ಕೈಮುಗಿದವನು ಬಹುಶಃ ನಾನೊಬ್ಬನೇ. ವಿಮಲ ವರ್ಷಕ್ಕೊಮ್ಮೆ, ‘ಆ ಡೈರೆಕ್ಟರು ಸತ್ತೋದ್ರೆ ಏನ್ ಮಾಡ್ತೀರಿ?’ ಎಂದು ಕೇಳುತ್ತಿದ್ದಳು. ಅವಳ ಅಪ್ಪನಿಗೂ ವಯಸ್ಸಾಗುತ್ತಿದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಆ ಕಡೆ ಯೋಚಿಸಲಿಲ್ಲ.

ಕಾಯುವ ಹೊತ್ತಿನಲ್ಲಿ ಮನೆಗೆ ಡಿವಿಡಿ ಬಂತು. ಮೊದಲ ಎರಡು ಭಾಗಗಳನ್ನು ತಂದು ಹಾಕಿದರೆ, ಆಡಿದ ಮಾತೆಲ್ಲ ಪರದೆಯ ಕೆಳಗೆ ಅಕ್ಷರವಾಗಿ ಮೂಡುತ್ತಿತ್ತು! ಅಕ್ಷರವೆಂದರೆ ನಾನು ಹುಲಿ. ಒಂದೂ ಬಿಡದೆ ಓದಿದೆ. ನಾನು ದಾಯಾದಿಯೆಂದು ತೀರ್ಮಾನ ಕೊಟ್ಟಿದ್ದ ಒಂಟಿಕಣ್ಣಿನವನು ಆ ನೌಕೆಯ ಸುರಕ್ಷತೆ ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರು. ಎರಡೂ ಭಾಗಗಳಲ್ಲಿ ಅವನು ಕೂಗಾಡುತ್ತಿದ್ದದ್ದು ಒಂದೇ ವಿಷಯಕ್ಕೆ, ಈ ನೌಕೆಯ ಕಾಗದಪತ್ರ ಸರಿಯಿಲ್ಲ ಎಂದು. ನನ್ನಂಥವನೇ ಒಬ್ಬ ನೌಕರ! ಅವನನ್ನೇ ನಾನು ಗುರುತಿಸಿರಲಿಲ್ಲ. ಮಾವನವರು ಹೇಳಿದ ಕಥೆ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅದನ್ನಾದರೂ ಅವರಿಗೆ ಹೇಳಬಹುದಿತ್ತು.

ಕೊನೆಗೂ ಮೂರನೆಯ ಭಾಗ ಬಂತು. ಪಾರ್ಕಿನ ಆ ಭಾನುವಾರದಿಂದ ಆರು ವರ್ಷ ಕಳೆದಿತ್ತು. ಮಾವನವರಿಗೆ ಎಂಬತ್ತು ದಾಟಿತ್ತು. ಕೆಲವು ತಿಂಗಳಿಂದ ಅವರು ನಿಜವಾಗಿಯೂ ಮರೆಯತೊಡಗಿದ್ದರು. ಎರಡು ಸಲ ಊಟಕ್ಕೆ ಕೂರುವುದು, ಬೆಳಿಗ್ಗೆ ಹೇಳಿದ್ದನ್ನು ಸಂಜೆ ಹೊಸದಾಗಿ ಕೇಳುವುದು. ಡಾಕ್ಟರು ವಯೋಸಹಜ ಎಂದರು. ತನ್ನ ನೆನಪನ್ನು ನಂಬದೆ ಆರು ವರ್ಷ ಮೂಲೆಗೆ ಹಾಕಿದರೆ ಹೀಗಾಗಬಹುದೇ ಎಂದು ಅವರನ್ನು ಕೇಳಬೇಕೆಂದುಕೊಂಡೆ. ಕೇಳಲಿಲ್ಲ, ಉತ್ತರ ಹೇಳಿಬಿಟ್ಟರೆ ಎಂದು ಭಯವಾಯಿತು. ‘ಈಗಲಾದ್ರೂ ಕರ್ಕೊಂಡ್ ಹೋಗಿ. ನಾನು ಬರಲ್ಲ, ನಾನಿದ್ರೆ ನಿಮಗೆ ಬಾಯಿ ಬರಲ್ಲ’ ಎಂದು ವಿಮಲ ತಾನೇ ಎರಡು ಟಿಕೆಟ್ ತರಿಸಿ ನನ್ನ ಜೇಬಿಗೆ ತುರುಕಿದಳು. ಮಾವನವರು ಇಸ್ತ್ರಿ ಮಾಡಿದ ಪಂಚೆಯುಟ್ಟು, ಕೋಟು ಹಾಕಿಕೊಂಡು ಆಟೋ ಹತ್ತಿದರು.

ಚಿತ್ರ ಶುರುವಾಯಿತು. ನಾನು ಬಾಯಿ ಬಿಗಿದುಕೊಂಡು ಕೂತೆ. ಅವರು ಕೇಳಿದರೆ ಈ ಸಲ ‘ಗೊತ್ತಿಲ್ಲ’ ಎನ್ನಲು ಸಿದ್ಧನಾಗಿದ್ದೆ. ಅವರು ಏನೂ ಕೇಳಲಿಲ್ಲ. ಯಾರು ಯಾರ ಮಗ ಎಂದೂ ಕೇಳಲಿಲ್ಲ. ದೊಡ್ಡ ದೊಡ್ಡ ಬೆಳಕುಗಳನ್ನು ನೋಡುತ್ತ ಸುಮ್ಮನೆ ಕೂತಿದ್ದರು. ಆ ಒಂದು ಗಂಟೆಯಷ್ಟು ಕಷ್ಟದ ಗಂಟೆಯನ್ನು ನಾನು ಕಂಡಿಲ್ಲ. ಇಂಟರ್ವಲ್ ಆಯಿತು, ದೀಪ ಹತ್ತಿತು. ಮಾತನ್ನು ಆರು ವರ್ಷದಿಂದ ಮನಸ್ಸಿನಲ್ಲಿ ಬರೆದು, ತಿದ್ದಿ, ಕರಡು ಮಾಡಿ ಇಟ್ಟಿದ್ದೆ. ಅದೆಲ್ಲ ಬಿಟ್ಟುಹೋಯಿತು. ‘ಮಾವ, ನನ್ನದು ತಪ್ಪಾಯಿತು. ಅವತ್ತು ಮಗಳು ಎಂದವನು ನಾನೇ. ನನಗೆ ಆ ಇಂಗ್ಲಿಷ್ ಒಂದು ಚೂರೂ ಅರ್ಥವಾಗಿರಲಿಲ್ಲ. ಪಾರ್ಕಿನಲ್ಲಿ ಎಲ್ಲರೆದುರು ನಿಮಗೆ ಮರೆವು ಎಂದು ಸುಳ್ಳು ಹೇಳಿದೆ. ನಿಮಗೆ ಆಗ ಮರೆವೇ ಇರಲಿಲ್ಲ’ ಎಂದೆ. ಅವರ ಕೈ ಹಿಡಿದುಕೊಂಡಿದ್ದೆ.

ಮಾವನವರು ಗಮನವಿಟ್ಟು ಕೇಳಿದರು. ಹಣೆ ಗಂಟು ಹಾಕಿ ಬಹಳ ಹೊತ್ತು ಯೋಚಿಸಿದರು. ‘ಪಾರ್ಕಿನಲ್ಲಿ... ನಾನು ಕಥೆ ಹೇಳುತ್ತಿದ್ದೆನೇ?’ ಎಂದರು. ‘ಈ ಹಡಗಿನ ಕಥೆಯನ್ನೇ? ನನಗೆ ಒಂದೂ ನೆನಪಿಲ್ಲವಲ್ಲ ಕಣ್ರೀ.’ ಆಮೇಲೆ ಅವರ ಮುಖ ತಿಳಿಯಾಯಿತು. ನನ್ನ ಕೈಯ ಮೇಲೆ ತಮ್ಮ ಇನ್ನೊಂದು ಕೈಯಿಟ್ಟು ಮೆಲ್ಲಗೆ ತಟ್ಟಿದರು. ‘ನೋಡಿ, ಈ ಮರೆವು ನನಗೆ ಗೊತ್ತಾದದ್ದು ಈಚೆಗೆ. ಡಾಕ್ಟರಿಗೆ ಗೊತ್ತಾದದ್ದು ಇನ್ನೂ ಈಚೆಗೆ. ನೀವು ಆಗಲೇ ಕಂಡುಹಿಡಿದಿದ್ದಿರಾ! ಹೆತ್ತ ಮಗಳಿಗೂ ಕಾಣದ್ದು ನಿಮಗೆ ಕಂಡಿತ್ತು. ಅಳಿಯ ಎಂದರೆ ಹೀಗಿರಬೇಕು’ ಎಂದರು. ‘ಅಲ್ಲ ಮಾವ, ಹಾಗಲ್ಲ’ ಎಂದೆ. ಅಷ್ಟರಲ್ಲಿ ದೀಪ ಆರಿತು, ನೌಕೆ ಮತ್ತೆ ಗುಡುಗುಟ್ಟಿತು. ಅವರು ನನ್ನ ಕೈ ಬಿಡದೆ ಪರದೆಯ ಕಡೆ ತಿರುಗಿದರು.

ಅವರನ್ನು ಮನೆಗೆ ಬಿಟ್ಟು ಶ್ರೀರಾಂಪುರಕ್ಕೆ ಬಂದೆ. ವಿಮಲ ಬಾಗಿಲಲ್ಲೇ ನಿಂತಿದ್ದಳು. ‘ಹೇಳಿದ್ರಾ?’ ಎಂದಳು. ಹೇಳಿದೆ ಎಂದೆ. ‘ಅಪ್ಪ ಏನಂದ್ರು?’ ಎಂದಳು. ನಾನು ಅವರು ಅಂದ ಮಾತನ್ನು ಅಂದ ಹಾಗೆಯೇ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಒಪ್ಪಿಸಿದೆ. ನಿಮಗೆ ಕಂಡಿತ್ತು ಎಂದರು, ಅಳಿಯ ಎಂದರೆ ಹೀಗಿರಬೇಕು ಎಂದರು. ಅವಳು ‘ಇನ್ನೂ ಕಟ್ಟಿ ಹೇಳೋ ಬುದ್ಧಿ ಬಿಟ್ಟಿಲ್ವಲ್ರೀ ನೀವು’ ಎಂದು ಒಳಗೆ ಹೋದಳು.